ಗಿಂಡಿಯಲ್ಲಿ ಸಿಕ್ಕ ನೊಣ

ಮತ್ತೊಂದು ಹುಳು. ಬೆನ್ನ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಚಿನ್ನಕ್ಕ ಅದನ್ನು ಆರಿಸಿ ಡಬ್ಬಿಗೆ ಹಾಕಿದಳು. ಬೆಳಗ್ಗೆಯಿಂದ ಇದು ನಲವತ್ತನೆಯದು. ಊಜಿ ನೊಣ ಹುಳುಮನೆಯೊಳಗೆ ನುಗ್ಗಿ ರೇಷ್ಮೆಹುಳುಗಳ ಮೈಮೇಲೆ ಮೊಟ್ಟೆ ಇಡುತ್ತಿದೆ. ಗೂಡು ಕಟ್ಟಲು ಇನ್ನೈದೇ ದಿನ. ಹೀಗೇ ಆದರೆ ಇಡೀ ಬೆಳೆ ತಿಪ್ಪೆಗೆ.

ಕಿಟಕಿಬಲೆಗಳನ್ನು ಮೂರು ಸಲ ತಡವಿ ನೋಡಿದಳು. ಒಂದು ತೂತೂ ಇಲ್ಲ. ಆದರೆ ಬೆಳಗ್ಗೆ ಬಲೆಯ ಹೊರಗೆ ಕೂತು ಕಾಯುತ್ತಿದ್ದ ನೊಣಗಳು ಈಗ ಅಲ್ಲಿಲ್ಲ.

ಮೂಲೆಯಲ್ಲಿ ಮಗಳು ರಮ್ಯಶ್ರೀ ತಂದಿಟ್ಟ ಗಿಡ. ಅದರ ತವರು ಮೇಘಾಲಯದ ಬೆಟ್ಟಗಳಂತೆ. ಸತ್ವವಿಲ್ಲದ ಮಣ್ಣು, ಸದಾ ತೇವದ ಗಾಳಿ. ಅದಕ್ಕೇ ಎಲೆಯ ತುದಿಯಲ್ಲಿ ಮುಚ್ಚಳದ ಗಿಂಡಿ ಬೆಳೆಸಿಕೊಂಡು, ಜಾರಿಬಿದ್ದ ನೊಣವನ್ನು ಕರಗಿಸಿ ತಿನ್ನುತ್ತದಂತೆ. ಒದ್ದೆ ಗೋಣಿ ತೂಗುಬಿಟ್ಟ ಈ ಹುಳುಮನೆ ಬಿಟ್ಟರೆ ಮಡಕಶಿರದಲ್ಲಿ ಅಂಥ ತಂಪೆಲ್ಲಿ? ರಮ್ಯಶ್ರೀ ಹಿಂದೂಪುರದ ಹಾಸ್ಟೆಲಿಗೆ ಹೋಗುವಾಗ ಅದನ್ನು ಇಲ್ಲಿಟ್ಟು ತಾತನಿಗೆ ಒಪ್ಪಿಸಿ ಹೋಗಿದ್ದಳು. ಫೋನಿನಲ್ಲಿ ದಿನಾ ಒಂದೇ ಪ್ರಶ್ನೆ: "ತಾತಾ, ನನ್ನ ಗಿಡ ಚೆನ್ನಾಗೈತಾ?"

ಚಿನ್ನಕ್ಕ ಗಿಂಡಿಯೊಳಗೆ ಇಣುಕಿದಳು. ಆರು ನೊಣ.

"ನೋಡಿ ಮಾವ, ಇದು ಹಿಡಿದಿರೋದೇ ಇಷ್ಟು. ಒಳಗೆ ಇನ್ನೆಷ್ಟವೋ! ನೊಣ ಒಳಗೆ ಬಿಡ್ತಿರೋದು ಆ ಬಾಲರಾಜೂನೇ. ಹೋದ ಸಲ ಅವನ ಬೆಳೆ ಹಾಳಾಯ್ತಲ್ಲ, ಹೊಟ್ಟೆಕಿಚ್ಚು. 'ಅಕ್ಕಾ, ಹುಳ ಹೆಂಗವೆ' ಅಂತ ದಿನಾ ಬರ್ತಾನೆ."

"ಪಕ್ಕದ ಮನೆಯೋನು, ಕೇಳ್ಬಾರ್ದೇನಮ್ಮ?" ಮಾವ ಲಕ್ಷ್ಮೀನರಸಪ್ಪ ಬೀಡಿ ಬಿಟ್ಟು ಎರಡು ವರ್ಷ. ಬೆರಳುಗಳು ಮಾತ್ರ ಜೇಬಿನ ಬೆಂಕಿಪೊಟ್ಟಣವನ್ನು ಇನ್ನೂ ತಡವುತ್ತಿದ್ದವು. "ಗಿಡ ನೋಡು, ಹೆಂಗೆ ಮೈ ತುಂಬ್ಕೊಂಡೈತೆ!"

"ಗಿಡ ಇಟ್ಕೊಂಡು ಏನ್ ಮಾಡ್ಲಿ? ಇವತ್ತಿಂದ ನಾವಿಬ್ಬರು ಬಿಟ್ಟು ಯಾರೂ ಒಳಗೆ ಕಾಲಿಡಂಗಿಲ್ಲ."

"ಆಗ್ಲಮ್ಮ. ನಾನ್ ಕಾಯ್ತೀನಿ."

ಮರುದಿನವೂ ಮೂವತ್ತು ಹುಳು. ಚಿನ್ನಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಧ್ಯಾಹ್ನ "ಸೊಪ್ಪಿಗೆ ಹೋಗ್ತೀನಿ ಮಾವ" ಎಂದು ಬೀದಿಗೆ ಕೇಳುವಂತೆ ಕೂಗಿ, ಹೋಗದೆ, ಹುಳು ಸಾಕುವ ತಟ್ಟೆಗಳ ಅಟ್ಟಣಿಗೆಯ ಹಿಂದೆ ಅವಿತು ಕೂತಳು. ಕೈಯಲ್ಲಿ ಸೊಪ್ಪಿನ ಕುಡುಗೋಲು. ಇವತ್ತು ಬಾಲರಾಜು ಸಿಕ್ಕಲಿ.

ಬಾಗಿಲು ಸರಿಯಿತು. ಬಂದವರು ಸೋಂಕು ತಡೆಯಲು ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿಯಲ್ಲಿ ಕಾಲು ಅದ್ದಿ, ಬಲೆಬಾಗಿಲನ್ನು ಜೋಪಾನವಾಗಿ ಎಳೆದುಕೊಂಡರು. ಕಳ್ಳನಿಗೆ ಇಷ್ಟು ನೇಮವೇ?

ಬಂದದ್ದು ಮಾವ. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಗುಂಯ್‌ಗುಡುವ ಬೆಂಕಿಪೊಟ್ಟಣವನ್ನು ಗಿಂಡಿಯ ಬಾಯಿಗೆ ಹಿಡಿದು ತೆರೆದ: "ತಿನ್ನವ್ವ, ಉಪವಾಸ ಇರ್ಬೇಡ... ಥೂ, ಇವತ್ತೂ ಎರಡು ನೊಣ ತಪ್ಪಿಸ್ಕೊಂಡ್ವಲ್ಲ!"