ಎಂಟು ಗಂಟೆಯ ಭಜನೆ

"ಈ ಶನಿವಾರ ನಿಮ್ಮ ಭಜನೆ ನಮ್ಮನೇಲೇ ಆಗಲಿ" ಎಂದು ಓನರ್ ರಂಗನಾಯಕಮ್ಮ ಕರೆದಾಗ ಹೊನ್ನಕ್ಕನ ಎದೆ ಧಸಕ್ಕೆಂದಿತು. ಹೊಳೆನರಸೀಪುರದ ಆ ಮನೆಯ ಹಿತ್ತಲ ಕೋಣೆಯಲ್ಲಿ ಅವಳು ಬಾಡಿಗೆಗಿದ್ದಳು. ತಾನೂ ಸೇರಿ ಭಜನಾ ಮಂಡಳಿಯ ಐದೂ ಜನರಿಗೆ ಎಚ್‌ಐವಿ ಇದೆಯೆಂದು ಗೊತ್ತಾದರೆ ಅಂದೇ ಗಂಟುಮೂಟೆ ಕಟ್ಟಬೇಕು. ಹಿಂದಿನ ಎರಡು ಮನೆಗಳಲ್ಲಿ ಹಾಗೇ ಆಗಿತ್ತು.

ಮಂಡಳಿಯ ಭಜನೆಯೋ, ದೇವರೇ ಕಾಪಾಡಬೇಕು! ಪ್ರತಿ ಶನಿವಾರ ದೇವಸ್ಥಾನದ ಪೌಳಿಯಲ್ಲಿ ಕೂತು ಮಾತ್ರೆ, ವಾಂತಿ, ನೆಂಟರ ಕಾಟ ಎಲ್ಲ ಹೇಳಿಕೊಂಡು ಅಳುವುದು; ಯಾರಾದರೂ ಹತ್ತಿರ ಬಂದರೆ ತಾಳ ಕುಟ್ಟುವುದು. ಎರಡು ವರ್ಷದಲ್ಲಿ ಕಲಿತದ್ದು ಒಂದೇ ಹಾಡು. ಆದರೂ ಈಗೀಗ ಅದನ್ನು ಹಾಡದೆ ಮನೆಗೆ ಹೋದರೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

"ಒಂದೇ ಹಾಡ್ನ ಎಷ್ಟ್ ಸಲ ಯೋಳಾದು?" ಎಂದ ತಾಳ ಹಾಕುವ ತಮ್ಮಯ್ಯ.

"ದೇವ್ರಿಗೆ ಬ್ಯಾಸರ ಆಗೋಗಂಟ ಯೋಳು. ಎಂಟಕ್ ಮುಂಚೆ ಎದ್ಬುಡಾವ. ಫೋನೆಲ್ಲ ಆಫ್ ಮಾಡ್ಕಳಿ ಕಣ್ರಪ್ಪ" ಎಂದಳು ಹೊನ್ನಕ್ಕ. ರಾತ್ರಿ ಎಂಟು ಎಲ್ಲರ ಮಾತ್ರೆಯ ಹೊತ್ತು. ಹಾಸನದ ಆಸ್ಪತ್ರೆಯಲ್ಲಿ ಹೇಳಿದಂತೆ ಐವರೂ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದರು.

ಶನಿವಾರ ಹಾಡು ಏಳನೇ ಸುತ್ತಿಗೆ ಬಂತು. ರಂಗನಾಯಕಮ್ಮ ನಿವೃತ್ತ ಸಂಗೀತ ಟೀಚರ್. ಶ್ರುತಿ ತಪ್ಪಿದಾಗಲೆಲ್ಲ ಬಿಗಿಯಾಗಿ ಕಣ್ಣು ಮುಚ್ಚುತ್ತಿದ್ದರು. ಅದು ಭಕ್ತಿಯಿರಬೇಕೆಂದುಕೊಂಡು ತಮ್ಮಯ್ಯ ಇನ್ನಷ್ಟು ಗಟ್ಟಿಯಾಗಿ ತಾಳ ಕುಟ್ಟಿದ. ಆರು ತಿಂಗಳಿಂದ ಹುಷಾರಿಲ್ಲದ ರಂಗನಾಯಕಮ್ಮನ ಮಗ ತಿರುನಾರಾಯಣ ಕೋಣೆಯ ಬಾಗಿಲು ಹಾಕಿಕೊಂಡವನು ತೆರೆಯಲಿಲ್ಲ. ಮಂಗಳಾರತಿ ತಡವಾಯಿತು.

ಆ ಹಳೇ ಬಟನ್ ಮೊಬೈಲುಗಳ ಹಾಳು ಗುಣವೆಂದರೆ, ಆಫ್ ಮಾಡಿದರೂ ಅಲಾರಂ ಹೊಡೆಯುತ್ತದೆ. ಎಂಟು ಗಂಟೆಗೆ ಸರಿಯಾಗಿ ಐದೂ ಒಟ್ಟಿಗೆ ಕೂಗಿಕೊಂಡವು.

"ಮಂಗಳಾರತಿ ಗಂಟೆ ಕಣಮ್ಮ" ಎಂದ ತಮ್ಮಯ್ಯ.

"ಐದು ಗಂಟೆ ಯಾಕೋ?" ಎಂದರು ರಂಗನಾಯಕಮ್ಮ.

"ಒಂದರ ಬ್ಯಾಟ್ರಿ ಓದ್ರೆ ಅಂತವ..."

ರಂಗನಾಯಕಮ್ಮ ಅಡುಗೆಮನೆಗೆ ಎದ್ದು ಹೋದರು. ಹೊನ್ನಕ್ಕ ಕೂತಲ್ಲೇ ಮನಸ್ಸಿನಲ್ಲಿ ಪಾತ್ರೆ-ಪಗಡ ಮೂಟೆ ಕಟ್ಟತೊಡಗಿದಳು.

ಅವರು ತಿರುಗಿ ಬಂದದ್ದು ನೀರಿನ ಲೋಟಗಳ ತಟ್ಟೆ ಹಿಡಿದು. "ಮೊದಲು ಮಾತ್ರೆ ನುಂಗಿ, ಹೊತ್ತು ಮೀರಬಾರದು. ಹಾಸನದ ಆಸ್ಪತ್ರೇಲಿ ಇದೇ ಮಾತ್ರೆ ಕ್ಯೂನಲ್ಲಿ ಹೋದ ತಿಂಗಳು ನಿನ್ನ ಹಿಂದೇನೇ ನಿಂತಿದ್ದೆ ಹೊನ್ನಕ್ಕ, ನೀನು ತಿರುಗಿ ನೋಡಲಿಲ್ಲ. ಇಲ್ಲದಿದ್ರೆ ಇಷ್ಟು ಅಪಸ್ವರಾನ ಯಾರು ಮನೆಗೆ ಕರೀತಾರೆ?"

ಹೊನ್ನಕ್ಕ ಸೊಂಟದ ಚೀಲದಿಂದ ಮಾತ್ರೆ ತೆಗೆದು ಲೋಟ ಎತ್ತಿಕೊಂಡಳು. ಉಳಿದವರೂ ಎತ್ತಿಕೊಂಡರು. ತಟ್ಟೆಯಲ್ಲಿ ಆರನೆಯದೊಂದು ಉಳಿಯಿತು. ರಂಗನಾಯಕಮ್ಮ ಅದನ್ನು ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತರು.

"ತಿರು, ಆಚೆ ಬಾಪ್ಪ. ಇನ್ನು ಒಬ್ಬನೇ ಕೂತು ನುಂಗೋದು ಬೇಡ."

ಒಳಗಿನಿಂದ ಚಿಲಕ ಸರಿಯಿತು.

"ಬರ್ತೀನಮ್ಮ. ಮೊದಲು ಆ ಮನುಷ್ಯನ ಕೈಯಿಂದ ತಾಳ ಕಿತ್ಕೋ."