ಎರವಲು ಮೀನು

ಗಂಡನ ತಿಥಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಕೆಂಪಾಜಮ್ಮ ಬೆಳಿಗ್ಗೆ ಎದ್ದು ಒಲೆಯ ಬೂದಿ ಬಳಿದಳು. ಅಂಗಳಕ್ಕೆ ನೀರು ಹಾಕಿದಳು. ಇನ್ನೇನು ಮಾಡುವುದೆಂದು ತಿಳಿಯದೆ ಪಡಸಾಲೆಗೆ ಬಂದು ನಿಂತಳು. ಕಿಟಕಿಯ ಕಟ್ಟೆಯ ಮೇಲೆ ಗಂಡನ ಗಾಜಿನ ತೊಟ್ಟಿ ಇತ್ತು. ಅದರೊಳಗೆ ಓರೆಯಾಗಿ ನಿಲ್ಲಿಸಿದ್ದ ಸ್ಲೇಟಿನ ಚೂರಿನ ಮೇಲೆ ನವಣೆ ಚೆಲ್ಲಿದ ಹಾಗೆ ಮೊಟ್ಟೆಗಳು ಅಂಟಿಕೊಂಡಿದ್ದವು.

ಕಿತ್ತಳೆ ಬಣ್ಣದ ಜೋಡಿ ಮೀನುಗಳಲ್ಲಿ ಒಂದು ಸ್ಲೇಟಿನ ಪಕ್ಕದಲ್ಲೇ ನಿಂತು ರೆಕ್ಕೆಯಾಡಿಸಿ ಮೊಟ್ಟೆಗಳಿಗೆ ನೀರು ಬೀಸುತ್ತಿತ್ತು. ಇನ್ನೊಂದು, ಅದೇ ತೊಟ್ಟಿಯಲ್ಲಿದ್ದ ಕೆರೆಯ ಸಣ್ಣ ಮೀನುಗಳನ್ನೆಲ್ಲ ಒಂದು ಮೂಲೆಗೆ ಅಟ್ಟಿ ಕಾವಲು ಕಾಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡೂ ಕೆಲಸ ಬದಲಾಯಿಸಿಕೊಂಡವು. ಇದನ್ನು ನೋಡಬೇಕೆಂದೇ ಅವಳ ಗಂಡ, ಮಿಡ್ಲ್ ಸ್ಕೂಲ್ ಮೇಷ್ಟ್ರು ಬೆಟ್ಟಸ್ವಾಮಿ, ಬೇಸಿಗೆಯಿಂದ ಕಾದಿದ್ದ. ಅವನ ಹತ್ತಿರ ಇದ್ದದ್ದು ಒಂಟಿ ಮೀನು. ಮರದ ವ್ಯಾಪಾರಿ ಇಮಾಮ್ ಸಾಬರು ಮಲಬಾರಿನಿಂದ ತಂದು ಕಲ್ಲುಬಾನಿಯಲ್ಲಿ ಸಾಕಿದ್ದ ಇನ್ನೊಂದನ್ನು ಜೋಡಿಗೆಂದು ಕೇಳಿ ತಂದಿದ್ದ. "ಹೋರಿ ಎರವಲು ಕೇಳೋರ್ನ ಕಂಡಿದೀನಿ. ಮೀನು ಎರವಲು ಕೇಳಿದ ಮೇಷ್ಟ್ರು ನೀವೊಬ್ರೇ" ಎಂದು ಸಾಬರು ನಕ್ಕಿದ್ದರಂತೆ.

ಬೆನ್ನ ಹಿಂದೆ ತಪ್ಪಲೆಯ ಸದ್ದಾಯಿತು. ಅತ್ತೆ ಚಿಕ್ಕಸಿದ್ದಮ್ಮ ಬಂದಿದ್ದರು.

"ಇದೊಂದು ಕಣ್ ತಪ್ಪೋಗಿತ್ತು ನೋಡು. ಗುಡಾಣ, ಅಂಡೆ, ಚೊಂಬು, ಎಲ್ಲಾ ಅವತ್ತೇ ಬರಿದು ಮಾಡುದ್ವಿ. ಸಾವಿನ ಮನೆ ನೀರು ಇಲ್ಲೇ ಕುಂತದೆ. ಅತ್ಲಾಗೆ ಸರ್ಕೊ, ಚೆಲ್ಬುಡ್ತೀನಿ."

"ಬೇಡ" ಎಂದಳು ಕೆಂಪಾಜಮ್ಮ. ಇಷ್ಟು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು.

"ಬ್ಯಾಡ ಅಂದ್ರೆ? ಮೈಸೂರಲ್ಲಿ ಬಿ.ಎ. ಓದಿದೋರ್ಗೆ ಸೂತ್ಕ ಇಲ್ವಾ? ಅವನ ಜೀವ ಹೋಗೋವಾಗ ಮನೇಲಿದ್ದ ನೀರು ಕಣವ್ವ. ಒಂದು ತೊಟ್ಟೂ ಇರಬಾರ್ದು. ಇದ್ರೆ ದಾಹ ಅಂತ ಇಲ್ಲಿಗೇ ಬತ್ತಾನೆ. ಮುಂದ್ಕೆ ಹೋಗಾಕಾಯ್ತದಾ ಅವನ್ಗೆ?"

ಬಂದರೆ ಬರಲಿ ಎನ್ನಬೇಕೆನಿಸಿತು ಅವಳಿಗೆ. ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. "ಮೊಟ್ಟೆ ಇಟ್ಟಿವೆ ಅತ್ತೆ, ನೋಡಿ. ಈ ನೀರು ಹೋದರೆ ಒಂದೂ ಉಳಿಯಲ್ಲ. ಎರಡೂ ಸರದಿ ಮೇಲೆ ಕಾಯ್ತಿವೆ."

ಚಿಕ್ಕಸಿದ್ದಮ್ಮ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. "ಅಂಗಾರೆ ಗಂಡೂ ಕಾಯ್ತದೆ ಅನ್ನು. ನಿಮ್ಮಾವ ಒಂದಿನಾನಾದ್ರೂ ತೊಟ್ಲು ತೂಗ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಆದ್ರೂ ನೀರು ಮನೇಲಿರಂಗಿಲ್ಲ, ಮಗಾ."

"ಮನೆಯಿಂದ ಆಚೆ ಹೋದರೆ ಸಾಕಲ್ವಾ? ಇದರಲ್ಲೊಂದು ಇಮಾಮ್ ಸಾಬರದು. ವಾಪಸು ಕೊಡಲೇಬೇಕು. ತೊಟ್ಟಿ ಸಮೇತ ಕೊಟ್ಟುಬಿಡೋಣ."

ಅತ್ತೆ ತಪ್ಪಲೆಯನ್ನು ಕೆಳಗಿಟ್ಟರು. "ಹೊಸ್ಲು ದಾಟಿದ್ರೆ ಸರಿ. ಆದ್ರೆ ಇಂಥಾ ನೀರು ಅಂತ ಸಾಬ್ರಿಗೆ ಹೇಳ್ಬುಟ್ಟೇ ಕೊಡ್ಬೇಕು. ಬ್ಯಾಡ ಅಂದ್ರೆ ನಾನೇನೂ ಮಾಡಾಕಾಗಾಕಿಲ್ಲ."

ಕೆರೆಯ ಮೀನುಗಳನ್ನು ಹಿಡಿದು ದನದ ಬಾನಿಗೆ ಬಿಟ್ಟರು. ಸ್ಲೇಟು ಮುಳುಗಿರುವಷ್ಟು ನೀರು ಉಳಿಸಿ, ಮಿಕ್ಕದ್ದನ್ನು ಅತ್ತೆಯೇ ಚೊಂಬಿನಲ್ಲಿ ಮೊಗೆಮೊಗೆದು ಆಚೆ ಚೆಲ್ಲಿ ಬಂದರು. ಆದರೂ ತೊಟ್ಟಿ ಕೆಂಪಾಜಮ್ಮನೊಬ್ಬಳ ಕೈಗೆ ಏಳಲಿಲ್ಲ.

"ನೀನು ಈಗ್ಲೇ ಬೀದಿಗಿಳಿಯಂಗಿಲ್ಲ ಕಣೆ" ಎಂದರು ಚಿಕ್ಕಸಿದ್ದಮ್ಮ. ಅಷ್ಟರಲ್ಲಿ ಮೀನೊಂದು, ಚೊಂಬಿನ ಕೈಗೆ ಹೆದರಿ ಓಡಿದ್ದು, ಮತ್ತೆ ಬಂದು ಮೊಟ್ಟೆಗಳ ಮುಂದೆ ನಿಂತಿತು. ಅತ್ತೆ ಅದನ್ನೇ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇಡ್ಕೊ ಆ ಕಡೆ. ಎದುರು ಬಂದೋರು ಬೇಕಾದ್ರೆ ಅವರೇ ಓಣಿಗೆ ಸರ್ಕಳ್ಳಿ."

ಹುಣಸೂರಿನ ಬೀದಿಯಲ್ಲಿ ಅತ್ತೆ ಸೊಸೆ ಎದುರುಬದುರಾಗಿ ತೊಟ್ಟಿ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುತ್ತ ನಡೆದರು. ಕೆಲವರು ಮುಖ ತಿರುಗಿಸಿದರು. ಗಾಡಿಯವನೊಬ್ಬ ಎತ್ತುಗಳನ್ನು ತಡೆದು ನಿಲ್ಲಿಸಿಕೊಂಡು ದಾರಿ ಬಿಟ್ಟ. ನೀರು ತುಳುಕಿದಾಗಲೆಲ್ಲ ಮೀನುಗಳು ಸ್ಲೇಟಿಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದವು, ಒಂದು ಆ ಬದಿ, ಒಂದು ಈ ಬದಿ. "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರು ಚಿಕ್ಕಸಿದ್ದಮ್ಮ. ಸೊಸೆಗೋ ಮೀನಿಗೋ ತಿಳಿಯಲಿಲ್ಲ.

ಸೇತುವೆಯ ಹತ್ತಿರದ ಮರದ ಮಂಡಿಯಿಂದ ಇಮಾಮ್ ಸಾಬರು ಓಡಿ ಬಂದರು. ತೊಟ್ಟಿಯನ್ನು ಹಲಗೆಗಳ ಮೇಲೆ ಇಳಿಸಿಕೊಂಡರು.

"ಸಾವಿನ ಮನೆ ನೀರು ಸಾಬ್ರೇ. ಮುಚ್ಚಿಟ್ಟು ಕೊಡ್ತಿಲ್ಲ" ಎಂದರು ಚಿಕ್ಕಸಿದ್ದಮ್ಮ ಏದುಸಿರು ಬಿಡುತ್ತ.

"ಮೇಷ್ಟ್ರು ತಂದು ತುಂಬಿದ ನೀರಲ್ವೇನಮ್ಮ? ಇರ್ಲಿ ಬುಡಿ." ಸಾಬರು ಒಳಗೆ ನೋಡಿದರು. ಮೊಟ್ಟೆಗಳನ್ನು ಕಂಡರು. "ಅಯ್ಯೋ ತಾಯಿ, ನಾ ಕೊಟ್ಟಿದ್ದು ಒಂದು ಮೀನು. ನೀವು ಸಂಸಾರಾನೇ ಹೊತ್ಕೊಂಡು ಬಂದಿದೀರಿ. ಮೇಷ್ಟ್ರ ಮೀನು ನಿಮ್ ಮನೇಲಿರ್ಲಿ. ನನ್ನದೊಂದು ಇಟ್ಕೊಂಡು ಅದನ್ನ ಕೊಟ್ಬಿಡ್ತೀನಿ."

"ನಿಮ್ಮದು ಯಾವುದು ಅಂತ ಅವರು ಹೇಳಿರಲಿಲ್ಲ" ಎಂದಳು ಕೆಂಪಾಜಮ್ಮ. "ನೀವೇ ನೋಡಿ ತಗೊಳ್ಳಿ."

ಇಮಾಮ್ ಸಾಬರು ಮಂಡಿಯೂರಿ ಕೂತರು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಕಾವಲಿದ್ದ ಮೀನು ಸ್ಲೇಟಿಗೆ ಬಂತು, ಸ್ಲೇಟಿನಲ್ಲಿದ್ದದ್ದು ಕಾವಲಿಗೆ ಹೋಯಿತು.

"ಕೊಟ್ಟಾಗ ಗೊತ್ತಿತ್ತು ಕಣಮ್ಮ" ಎಂದರು ಸಾಬರು, ತಲೆ ಎತ್ತದೆ.