ಎಂಟು ಸಾಲಿನ ಬಾಗಿಲು

ಸರ್ವೋತ್ತಮ ಮೂರನೇ ಸಲ ಆ ಫೈಲನ್ನು ತೆರೆದ. ಕನ್ನಡ ಬರಬೇಕಾದಲ್ಲಿ ಈ ಸಲವೂ ಕಂಪ್ಯೂಟರಿನ ಪರದೆಯ ತುಂಬ ಕೊಕ್ಕೆ, ಚುಕ್ಕೆ, ಮುರಿದ ಗೆರೆಗಳೇ ಬಂದವು. ಫ್ಲಾಪಿಯಲ್ಲಿದ್ದ ನಕಲನ್ನೂ ಹಾಕಿ ನೋಡಿದ. ಅಲ್ಲೂ ಅದೇ. ಮರ್ಕಂಜದ ಕಮಲಾವತಿ ಅಜ್ಜಿಯೂ ಅವಳ ಅತ್ತಿಗೆ ಸೀತುವೂ ಏಳು ಭಾನುವಾರ ಬಸ್ಸಿನಲ್ಲಿ ಪುತ್ತೂರಿಗೆ ಬಂದು, ಅವನ ಟೈಪಿಂಗ್ ಅಂಗಡಿಯಲ್ಲಿ ಕೂತು ಹೇಳಿ ಬರೆಸಿದ ಮದುವೆಯ ಶೋಭಾನೆ ಹಾಡುಗಳು. ನಲವತ್ತೊಂದು ಪುಟ. ಒಂದಕ್ಷರವೂ ಉಳಿದಿರಲಿಲ್ಲ. ಅಜ್ಜಿಯ ಮೊಮ್ಮಗಳು ಕುಮುದಿನಿಯ ಮದುವೆಗೆ ಅವು ಪುಸ್ತಕವಾಗಬೇಕಿತ್ತು. ಮದುವೆಗೆ ಇನ್ನು ಹದಿನೆಂಟು ದಿನ.

ಕಾರಣ ಅವನಿಗೆ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಬರೆಯುವ ಪ್ರೋಗ್ರಾಮು ಎರಡಿದ್ದವು, ಇಂಗ್ಲಿಷಿಗೊಂದು, ಕನ್ನಡಕ್ಕೊಂದು. ಕನ್ನಡದ ಫೈಲನ್ನು ಇಂಗ್ಲಿಷಿನದರಲ್ಲಿ ತೆರೆದು ಸೇವ್ ಮಾಡಿದರೆ ಮುಗಿಯಿತು. ಅದು ತನಗೆ ತಿಳಿಯದ ಅಕ್ಷರಗಳನ್ನೆಲ್ಲ ತನಗೆ ಬೇಕಾದಂತೆ ತಿದ್ದಿ ಇಡುತ್ತಿತ್ತು. ಅಂಗಡಿಯ ಟೈಪಿಸ್ಟ್ ವಾರಿಜಾಕ್ಷಿ ಇದಕ್ಕೊಂದು ಉಪಾಯ ಮಾಡಿದ್ದಳು. ಎಂಟೇ ಸಾಲಿನ ಪುಟ್ಟ ಪ್ರೋಗ್ರಾಮು. ಅದಕ್ಕೆ 'ಬಾಗಿಲು' ಎಂದು ಹೆಸರಿಟ್ಟಿದ್ದಳು. ಬಾಗಿಲು ಎಂದು ಟೈಪ್ ಮಾಡಿ ಫೈಲಿನ ಹೆಸರು ಕೊಟ್ಟರೆ ಸಾಕು, ಅದು ಹೆಸರಿನ ಕೊನೆಯ ಮೂರಕ್ಷರದ ಬಾಲ ನೋಡಿ, ಯಾವ ಭಾಷೆಯದೆಂದು ತಿಳಿದು, ಸರಿಯಾದ ಪ್ರೋಗ್ರಾಮಿನಲ್ಲೇ ಫೈಲನ್ನು ತೆರೆಯುತ್ತಿತ್ತು. ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಅಂಗಡಿಗೆ ಬಂದ ವಕೀಲರೊಬ್ಬರು ಅದನ್ನು ನೋಡಿ, "ಇದು ಒಳ್ಳೇದುಂಟು ಮಾರಾಯ್ರೆ, ಯಾರು ಮಾಡಿದ್ದು?" ಎಂದು ಕೇಳಿದರು. ಸರ್ವೋತ್ತಮನ ಬಾಯಿಂದ "ನಾನೇ" ಎಂದು ಬಂದುಬಿಟ್ಟಿತು.

ವಾರಿಜಾಕ್ಷಿ ಟೈಪ್ ಮಾಡುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಹಾಗಾದ್ರೆ ಅದರ ನಾಲ್ಕನೇ ಸಾಲು ಎಂತ, ಹೇಳಿ ನೋಡುವ."

ವಕೀಲರು ನಕ್ಕರು. ಅವರು ಮೆಟ್ಟಿಲಿಳಿದದ್ದೇ ತಡ, ಸರ್ವೋತ್ತಮ ಅವಳ ಕಣ್ಣೆದುರೇ ಆ ಪ್ರೋಗ್ರಾಮನ್ನು ಅಳಿಸಿದ. "ಮಂಗಳೂರಲ್ಲಿ ಆರು ತಿಂಗಳು ಕಲಿತು ಬಂದವ ನಾನು. ಫೈಲು ತೆರೀಲಿಕ್ಕೆ ನಿನ್ನ ಬಾಗಿಲು ಬೇಡ ನಂಗೆ."

"ಬೇಡದಿದ್ರೆ ಬೇಡ," ಎಂದಳು ವಾರಿಜಾಕ್ಷಿ. ಸಂಜೆ ಕೊಡೆ, ಬುತ್ತಿ ಪಾತ್ರೆ ತೆಗೆದುಕೊಂಡು ತನ್ನೂರು ಸವಣೂರಿನ ಬಸ್ಸು ಹತ್ತಿದವಳು ಮತ್ತೆ ಬರಲಿಲ್ಲ. ಕಳೆದ ವಾರ ಪ್ರಿಂಟ್ ತೆಗೆಯಲು ಕೂತ ಸರ್ವೋತ್ತಮ, ಇಂಗ್ಲಿಷ್ ಕಾಗದಗಳ ನಡುವೆ ಅಜ್ಜಿಯ ಫೈಲನ್ನೂ ಅದೇ ಪ್ರೋಗ್ರಾಮಿನಲ್ಲಿ ತೆರೆದ. ಏನೇನೋ ಕಂಡಾಗ ಪರದೆ ಕೆಟ್ಟಿದೆ ಎಂದುಕೊಂಡು ಸೇವ್ ಮಾಡಿ ಮುಚ್ಚಿದ. ಶನಿವಾರದ ರೂಢಿಯಂತೆ ಎಲ್ಲವನ್ನೂ ಫ್ಲಾಪಿಗೆ ನಕಲು ಮಾಡಿದಾಗ, ಅಲ್ಲಿದ್ದ ಹಳೆಯದೂ ಹೋಯಿತು.

ಫೈಲು ಹೋದದ್ದು ಗೊತ್ತಾದ ಮರುದಿನ, ಬೆಳಿಗ್ಗೆಯ ಬಸ್ಸಿಗೆ ಸರ್ವೋತ್ತಮ ಮರ್ಕಂಜಕ್ಕೆ ಹೋದ. ಕಮಲಾವತಿ ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿ ಕಾಗೆ ಕಾಯುತ್ತಿದ್ದಳು.

"ಪುಸ್ತಕ ತಂದ್ಯಾ?"

"ಇಲ್ಲ ಅಜ್ಜಿ. ಸ್ವಲ್ಪ ತಿದ್ದಲಿಕ್ಕುಂಟು. ಇನ್ನೊಮ್ಮೆ ಮೊದಲಿಂದ ಹೇಳಿದ್ರೆ..." ಚೀಲದಿಂದ ನೋಟುಬುಕ್ಕು ತೆಗೆದ.

ಅಜ್ಜಿ ಅವನ ಮುಖವನ್ನೇ ನೋಡಿದಳು. "ಎಲ್ಲ ಹೋಯ್ತಾ?"

"ಎಲ್ಲ ಅಲ್ಲ," ಎಂದ. ನೋಟುಬುಕ್ಕಿನ ಮೊದಲ ಹಾಳೆ ತೆರೆದು "ಹೋಯ್ತು" ಎಂದ.

"ನಿನ್ನ ಆ ಪೆಟ್ಟಿಗೆಗಿಂತ ನನ್ನ ಎಲೆಯಡಿಕೆ ಸಂಚಿ ಆದೀತು ಮಾರಾಯ. ಹಾಕಿದ್ದು ಅಲ್ಲೇ ಇರ್ತದೆ." ಬೈಯಲಿಲ್ಲ. ಕೈ ಒರೆಸಿಕೊಂಡು ಜಗಲಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಹಾಡಲು ಹೊರಟು ತಡೆದಳು. "ಸೀತು ಇಲ್ಲ, ಗೊತ್ತುಂಟಲ್ಲ ನಿಂಗೆ? ವಿಷು ಹಬ್ಬದ ಮರುದಿನ ಹೋದಳು."

ಅವನಿಗೆ ಗೊತ್ತಿರಲಿಲ್ಲ.

"ನಾನು ಯಾವತ್ತೂ ಹಿಂದಿಂದ ಹೇಳುವವಳು. ಸೀತು ಎತ್ತಿಕೊಡುದು, ನಾನು ಹಿಡ್ಕೊಳ್ಳುದು. ಐವತ್ತು ವರ್ಷ ಹಾಗೇ ನಡೆದದ್ದು. ಮೊದಲ ಸಾಲು ಸಿಕ್ಕಿದ್ರೆ ಮತ್ತೆ ನಂಗೆ ತಡೆ ಇಲ್ಲ. ಅದೇ ಸಿಕ್ಕುದಿಲ್ಲ." ಸ್ವಲ್ಪ ಯೋಚಿಸಿ ಕೇಳಿದಳು, "ನಿನ್ನ ಅಂಗಡಿಯ ಆ ಹುಡುಗಿಯನ್ನಾದ್ರೂ ಕರ್ಕೊಂಡು ಬರುದಲ್ವಾ? ಟೈಪು ಮಾಡ್ತಾ ಮಾಡ್ತಾ ಸೀತುವಿನೊಟ್ಟಿಗೆ ಗುನುಗ್ತಿದ್ದಳು. ಅವಳಿಗೆ ಬರ್ತದೆ."

"ಅವಳು ಬಿಟ್ಟು ಹೋದಳು ಅಜ್ಜಿ."

"ಹೋದದ್ದಾ, ಕಳಿಸಿದ್ದಾ?"

ಸರ್ವೋತ್ತಮ ನೋಟುಬುಕ್ಕಿನ ಮೊದಲ ಹಾಳೆಯನ್ನು ಸುಮ್ಮನೆ ನೀವಿದ. ವಾರಿಜಾಕ್ಷಿ ಬೊಂಬಾಯಿಗೆ ಹೋದ ಸುದ್ದಿಯನ್ನು ಸವಣೂರು ಬಸ್ಸಿನ ಕಂಡಕ್ಟರ್ ಹೇಳಿದ್ದ. ಎಲ್ಲಿ, ಯಾರ ಮನೆ ಎಂದು ಇವನು ಕೇಳಿರಲಿಲ್ಲ.

"ಆಗಲಿ, ನೀನೇ ಎತ್ತಿಕೊಡು," ಎಂದಳು ಅಜ್ಜಿ. "ಏಳು ಭಾನುವಾರವೂ ನೀನು ಅಲ್ಲೇ ಕೂತಿದ್ದೆ ಅಲ್ವಾ? ಒಂದಾದ್ರೂ ಕಿವಿಗೆ ಬಿದ್ದಿರ್ತದೆ. ರಾಗ ಬೇಡ, ಬಾಯಲ್ಲಿ ಹೇಳಿದ್ರೆ ಸಾಕು."

ಸರ್ವೋತ್ತಮ ಬಾಯಿ ತೆರೆದ. ಫೈಲಿನ ಹೆಸರು ನೆನಪಿತ್ತು. ನಲವತ್ತೊಂದು ಪುಟ ಎಂಬುದು ನೆನಪಿತ್ತು. ಮುದುಕಿಯರ ಸ್ವರ ಏರಿದಾಗಲೆಲ್ಲ ತಾನು ರೇಡಿಯೋವನ್ನು ಜೋರು ಮಾಡಿ ಕ್ರಿಕೆಟ್ ಕಾಮೆಂಟರಿ ಕೇಳಿದ್ದೂ ನೆನಪಿತ್ತು.

ಅಜ್ಜಿ ಹಾಡು ಹಿಡಿದುಕೊಳ್ಳಲು ಉಸಿರೆಳೆದು, ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅಂಗಳದಲ್ಲಿ ಕಾಗೆಯೊಂದು ಹಪ್ಪಳದ ಮೇಲೆ ಇಳಿಯಿತು. ಇಬ್ಬರೂ ಅದನ್ನು ಓಡಿಸಲಿಲ್ಲ.